ಕೆಂಪು ಓಡಿದೆ

ಯಂತ್ರದ ದುಂಡು ಬಾಗಿಲು ತೆಗೆದು
ಎಲ್ಸ್‌ಪೆತ್ ಡಾಡ್ಸ್ ಅಂದಳು:
"ನಿನ್ನ ಕೆಂಪು ಓಡಿದೆ."
ನಾನು ಬೀದಿಯ ಕಡೆ ನೋಡಿದೆ.

ಟ್ವೀಡ್ ನದಿ ಕಡಲು ಸೇರುವ ಬೆರಿಕ್ ಊರಲ್ಲಿ
ಸೇತುವೆಯ ಬಿರುಕು ಅಳೆಯುವ ಕೆಲಸ, ಮೂರು ತಿಂಗಳು.
ಶನಿವಾರ ಬಟ್ಟೆ ಒಗೆತ.
ಕೆಂಪು ಟವೆಲ್ಲು ಒಳಗೇ ಇತ್ತು, ಎಲ್ಲೂ ಓಡಿರಲಿಲ್ಲ.
ಬಿಳಿ ಅಂಗಿಗಳು ಮಾತ್ರ
ಯಾರೋ ಏನೋ ಅಂದಂತೆ ನಾಚಿಕೊಂಡಿದ್ದವು.

"ರನ್," ಅಂದಳು ಮತ್ತೆ,
ಕಿವುಡನಿಗೆ ಹೇಳುವಂತೆ.

ಗೊತ್ತು ತಾಯಿ, ಗೊತ್ತು.
ಆ ಪದ ನಮ್ಮ ಓಣಿಗೆ ಬಂದದ್ದೇ
ರಬ್ಬರ್ ಚೆಂಡಿನ ಬೆನ್ನು ಹತ್ತಿ.
ಉಸಿರು ಕಟ್ಟಿ ಓಡಿದರೂ ಒಂದೇ,
ಗೆರೆ ದಾಟಿಸಿದರೆ ನಿಂತಲ್ಲೇ ನಾಲ್ಕು.
ಆಗಲೇ ಅನುಮಾನ ಬರಬೇಕಿತ್ತು
ಈ ಪದಕ್ಕೆ ಕಾಲು ಬೇಕಿಲ್ಲ ಎಂದು.

ಎಲ್ಸ್‌ಪೆತ್‌ಳ ಎಡ ಮಂಡಿ ಉಕ್ಕಿನದು.
ಮೂವತ್ತೊಂದು ವರ್ಷದಿಂದ ಈ ಅಂಗಡಿಯನ್ನು
ಸ್ಟೂಲಿನ ಮೇಲೆ ಕೂತೇ ಓಡಿಸುತ್ತಿದ್ದಾಳೆ.
ಅವಳ ನಲ್ಲಿ ಓಡುತ್ತದೆ,
ನೆಗಡಿಯಾದರೆ ಮೂಗು ಓಡುತ್ತದೆ,
ತಿಂಗಳ ಕೊನೆಗೆ ಸಕ್ಕರೆ ಡಬ್ಬಿಯಿಂದ ಓಡಿಹೋಗುತ್ತದೆ.
ಅದನ್ನು ತರಲು ಕಳಿಸಿದ ಹುಡುಗ ಮಾತ್ರ
ಕೈ ಜೇಬಲ್ಲಿಟ್ಟುಕೊಂಡು ನಿಧಾನ ನಡೆಯುತ್ತಾನೆ.

ಓಹಿಯೊದಿಂದ ತಂಗಿ ಬರೆದಿದ್ದಾಳಂತೆ,
ಈ ಸಲ ಸ್ಕೂಲ್ ಬೋರ್ಡಿಗೆ ಓಡುತ್ತಿದ್ದೇನೆ ಎಂದು.
"ಹುಚ್ಚಿ," ಅಂದಳು ಎಲ್ಸ್‌ಪೆತ್, "ಇಲ್ಲಿ ನಾವು
ಮರ್ಯಾದೆಯಾಗಿ ನಿಲ್ಲುತ್ತೇವೆ ಚುನಾವಣೆಗೆ."
ನಾವೂ ನಿಲ್ಲುವವರೇ, ಅಂದೆ.
ಗೆದ್ದ ಮೇಲೆ ಕೂರುತ್ತೇವೆ.

ಡ್ರೈಯರಿಗೆ ನಾಣ್ಯ ಹಾಕಿ ಚಹಾ ಕೊಟ್ಟಳು.
ಅವಳಪ್ಪ ಸಾಲ್ಮನ್ ಬಲೆಗಾರ.
ಕಡಲ ಮೀನು ಹುಟ್ಟಿದ ಹೊಳೆಗೆ ಏರಿ ಬರುತ್ತದಲ್ಲ,
ಅದಕ್ಕೂ ಇದೇ ಹೆಸರು. ರನ್.
ಅವಳಿಗೆ ಏಳು ತುಂಬಿದ ವರ್ಷ ಅದು ಹೇಗೆ ಬಂತೆಂದರೆ
ದೋಣಿಯಲ್ಲಿ ಅಪ್ಪನ ಬೂಟು ಕಾಣುತ್ತಿರಲಿಲ್ಲವಂತೆ,
ಮಂಡಿವರೆಗೂ ಬೆಳ್ಳಿ.
ಈಗ ಬಲೆಯೂ ಇಲ್ಲ, ಬೆಳ್ಳಿಯೂ ಇಲ್ಲ.
ಅಪ್ಪ ಐವತ್ತೆರಡಕ್ಕೆ ಹೋದ, ಹಗ್ಗ ಕೈಯಲ್ಲಿದ್ದಂತೆಯೇ.
ಅಣ್ಣ ನಲವತ್ತೊಂಬತ್ತಕ್ಕೆ,
ಭಾನುವಾರ ಓಡದ ಬಸ್ಸಿಗೆ ಕಾಯುತ್ತ, ಬೆಂಚಿನ ಮೇಲೆ.

"ನಮ್ಮ ಮನೆತನದಲ್ಲಿ ಓಡುತ್ತದೆ ಅದು,"
ಅಂದು ಎದೆಯ ಮೇಲೆ ಎರಡು ಬೆರಳಿಟ್ಟಳು,
ಬೆಲ್ಲು ಒತ್ತಿ
ಒಳಗೆ ಯಾರಾದರೂ ಇದ್ದಾರಾ ಎಂದು ಕಾಯುವವರ ಹಾಗೆ.

ನಾವು ಬಣ್ಣಕ್ಕೆ ಬಿಡು ಅನ್ನುತ್ತೇವೆ, ಮೂಗಿಗೆ ಸೋರು,
ಅಂಗಡಿಗೆ ನಡೆ, ಸಕ್ಕರೆಗೆ ಮುಗಿ.
ಉಪ್ಪಿಗೊಂದು ಹುಳಿಗೊಂದು ಬೇರೆ ಬೇರೆ ಪಾತ್ರೆ.
ಇವಳದು ಒಂದೇ ಬಕೆಟ್ಟು.
ಮೀನೂ ಅದರಲ್ಲೇ, ಸಾವೂ ಅದರಲ್ಲೇ,
ನನ್ನ ಟವೆಲ್ಲಿನ ಕೆಂಪೂ.

"ನಿಮ್ಮಲ್ಲಿ ಇಂಥದೊಂದಿಲ್ಲವಾ?"

ಯೋಚಿಸಿದೆ. ಇದೆ, ಅಂದೆ. ಹರಿ.
ನೀರು ಹರಿಯುತ್ತದೆ. ಅಂಗಿ ಹರಿಯುತ್ತದೆ.
ಗೋಡೆಯ ಮೇಲೆ ಇರುವೆ ಸಾಲು ಹರಿಯುತ್ತದೆ.
ಸಾಲ ಹರಿದರೆ ಮನುಷ್ಯ ಮಲಗುತ್ತಾನೆ,
ಬೆಳಕು ಹರಿದರೆ ಏಳುತ್ತಾನೆ.
ಅದೇ ಹೆಸರಿನ ದೇವರೊಬ್ಬನೂ ಇದ್ದಾನೆ;
ಅವನ ಮಾತೆತ್ತಲಿಲ್ಲ, ಚಹಾ ಆರುತ್ತಿತ್ತು.

"ಹ್ಯಾರಿ?" ಅಂದಳು.
ಅಲ್ಲ. ಹರಿ.
"ಹ್ಯಾರಿ," ಅಂದಳು ಇನ್ನೊಮ್ಮೆ, ನನಗಲ್ಲ.
"ನಮ್ಮಣ್ಣನ ಹೆಸರು."

ನಾನು ತಿದ್ದಲಿಲ್ಲ.
ಡ್ರೈಯರಿನ ಗಾಜಿನಾಚೆ ನನ್ನ ಗುಲಾಬಿ ತೋಳುಗಳು
ಮೇಲೇರಿ ಬೀಳುತ್ತಿದ್ದವು,
ಮೇಲೇರಿ ಬೀಳುತ್ತಿದ್ದವು.
ಇನ್ನೂ ಹನ್ನೊಂದು ನಿಮಿಷ
ಓಡಬೇಕಿತ್ತು ಅದು.